ಹಳೆಯ ಗಿಟಾರಿಗೆ ಹೊಸ ಪಿಕಪ್: ಚೀಟಿಯಲ್ಲಿ ಅಳತೆಯೂ ಇರಲಿ

ಮಾನ್ಯ ಸಂಪಾದಕರೇ,

ಪಿಕಪ್ ಎಂದೊಡನೆ ಕಾಸರಗೋಡಿನ ಓದುಗರ ಕಣ್ಣಮುಂದೆ ಬರುವುದು ಅಡಿಕೆ ಮೂಟೆ ಸಾಗಿಸುವ ವಾಹನ. ನಾನು ಬರೆಯಹೊರಟದ್ದು ಅದರ ಬಗ್ಗೆ ಅಲ್ಲ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಅಡಿಯಲ್ಲಿ ಕುಳಿತು ಅವುಗಳ ಕಂಪನವನ್ನು ವಿದ್ಯುತ್ತಾಗಿ ಬದಲಿಸುವ ಪುಟ್ಟ ಸಾಧನದ ಬಗ್ಗೆ. ಚರ್ಚಿನ ಗಾಯನ ತಂಡ, ಮದುವೆಯ ಆರ್ಕೆಸ್ಟ್ರಾ, ಯುವಕ ಮಂಡಲದ ವಾರ್ಷಿಕೋತ್ಸವ ಎಂದು ನಮ್ಮ ಕಡೆ ಈ ವಾದ್ಯ ನುಡಿಸುವವರು ಕಡಿಮೆಯೇನಿಲ್ಲ. ಅವರಲ್ಲಿ ಹಲವರ ಕೈಯಲ್ಲಿರುವುದು ಗಲ್ಫಿನಿಂದ ಬಂದ, ಇಲ್ಲವೇ ಕೈಯಿಂದ ಕೈಗೆ ದಾಟಿ ಬಂದ ಹಳೆಯ ಗಿಟಾರ್. ಅದರ ಪಿಕಪ್ ಕೆಟ್ಟಾಗ ಹೊಸದನ್ನು ಆರಿಸುವ ಬಗೆ ತಿಳಿಯದೆ ಹಣ ಕಳೆದುಕೊಂಡವರನ್ನು ನಾನು ಬಲ್ಲೆ. ಅವರ ಸಾಲಿನಲ್ಲಿ ನಾನೂ ಇದ್ದೇನೆ.

ಕಾಸರಗೋಡು ಇನ್ನೂ ಕಣ್ಣೂರು ಜಿಲ್ಲೆಯೊಳಗಿದ್ದ 1982ರಲ್ಲಿ ಚಿಕ್ಕಪ್ಪ ಬಹರೈನಿನಿಂದ ತಂದ ಜಪಾನಿ ಗಿಟಾರ್ ನನ್ನದು. ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಗಿಟಾರಿನ ಅಚ್ಚಿನಲ್ಲಿ ಮಾಡಿದ್ದು, ಮೂರು ಸಿಂಗಲ್ ಕಾಯಿಲ್, ಎಂದರೆ ಅಯಸ್ಕಾಂತದ ಕಂಬಗಳ ಸುತ್ತ ತಾಮ್ರದ ತಂತಿಯ ಒಂದೇ ಸುರುಳಿಯಿರುವ, ಪಿಕಪ್‌ಗಳಿವೆ. ಎರಡು ವರ್ಷಗಳ ಹಿಂದಿನ ಮಳೆಗಾಲದಲ್ಲಿ ಬ್ರಿಜ್‌ನ (ತಂತಿಗಳ ಕೆಳತುದಿಯ ಆಸರೆಯ) ಬಳಿಯದೂ ನಡುವಿನದೂ ಒಂದರ ಹಿಂದೊಂದರಂತೆ ಕೈಕೊಟ್ಟವು. ಆಂಪ್ಲಿಫೈಯರನ್ನು ಎಷ್ಟು ಏರಿಸಿದರೂ ಡಬ್ಬಿಯೊಳಗೆ ಸೊಳ್ಳೆ ಸಿಕ್ಕಿಕೊಂಡಂಥ ಸಣ್ಣ ಸದ್ದು ಮಾತ್ರ. ವಾದ್ಯಗಳ ಅಂಗಡಿಯೊಂದರಲ್ಲಿ ಕೇಳಿದರೆ, ಗಿಟಾರನ್ನು ಬಿಚ್ಚಿಯೂ ನೋಡದೆ, ಮೂರನ್ನೂ ಬದಲಿಸಿಬಿಡಿ ಎಂದರು. ಇದ್ದುದರಲ್ಲಿ 'ಪವರ್' ಹೆಚ್ಚಿನದೆಂದು ಒಂದನ್ನು ಮುಂದಿಟ್ಟರು. ಸದ್ಯಕ್ಕೆ ಬ್ರಿಜ್‌ಗಷ್ಟೇ ಸಾಕೆಂದು ಅದೊಂದನ್ನು ಕೊಂಡು ತಂದೆ. ಮನೆಗೆ ಬಂದು ನೋಡಿದರೆ ಅದು ಹಳೆಯ ಕಿಂಡಿಯಲ್ಲಿ ಕೂರುವುದಿಲ್ಲ. ಪ್ಲಾಸ್ಟಿಕ್ ಹಲಗೆಯನ್ನು ಅರದಿಂದ ಉಜ್ಜಿ ಅಗಲಿಸಬೇಕಾಯಿತು. ನಲವತ್ತು ವರ್ಷ ಗೀರಿಲ್ಲದೆ ಬಂದ ಹಲಗೆಗೆ ನಾನೇ ಗಾಯ ಮಾಡಿದೆ. ಹೇಗೋ ಕೂರಿಸಿ ನುಡಿಸಿದರೆ, ಕುತ್ತಿಗೆಯ ಬಳಿಯ ಹಳೆಯ ಪಿಕಪ್ ಪಿಸುಗುಟ್ಟಿದರೆ ಇದು ಕಿರುಚುತ್ತದೆ. ಸ್ವಿಚ್ ತಿರುಗಿಸಿದಾಗಲೆಲ್ಲ ವಾಲ್ಯೂಮಿಗೆ ಕೈ ಹೋಗಲೇಬೇಕು.

ಕೊಳ್ಳುವ ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಆಮೇಲೆ ಮಾಡಿದೆ. ಸಾಧಾರಣ ಮಲ್ಟಿಮೀಟರ್ ಒಂದಿದ್ದರೆ ಗಿಟಾರನ್ನು ಬಿಚ್ಚದೆಯೇ ಪಿಕಪ್‌ನ ಜೀವ ನೋಡಬಹುದು. ಕೇಬಲನ್ನು ಗಿಟಾರಿಗೆ ಚುಚ್ಚಿ, ವಾಲ್ಯೂಮನ್ನು ಪೂರ್ತಿ ಏರಿಸಿ, ಕೇಬಲಿನ ಇನ್ನೊಂದು ತುದಿಯ ಪ್ಲಗ್ಗಿನ ಮೂತಿಗೂ ಬುಡಕ್ಕೂ ಮೀಟರಿನ ಎರಡು ಕಡ್ಡಿಗಳನ್ನು ಹಿಡಿದರೆ ಸಾಕು. ಈ ಜಾತಿಯ ಸಿಂಗಲ್ ಕಾಯಿಲ್ ಸರಿಯಾಗಿದ್ದರೆ ಸಾಮಾನ್ಯವಾಗಿ 5ರಿಂದ 7 ಕಿಲೋ ಓಮ್ ರೋಧ ತೋರಿಸುತ್ತದೆ. ಸುರುಳಿ ಕಡಿದಿದ್ದರೆ ಕಾಣುವುದು ವಾಲ್ಯೂಮ್ ಪಾಟಿನ (ವಾಲ್ಯೂಮ್ ತಿರುಗಿಸುವ ಗುಂಡಿಯಡಿಯ ರೋಧಕದ) 250 ಅಥವಾ 500 ಕಿಲೋ ಓಮ್ ಮಾತ್ರ. ನನ್ನ ಗಿಟಾರಿನಲ್ಲಿ ಕುತ್ತಿಗೆಯದು 5.6 ತೋರಿಸಿತು, ನಡುವಿನದು ಕಡಿದಿತ್ತು. ಅದನ್ನೂ, ಕಳಚಿಟ್ಟಿದ್ದ ಬ್ರಿಜ್‌ನದನ್ನೂ ಬದಿಯಡ್ಕದ ಕಡೆ ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವ ಪರಿಚಯಸ್ಥರಲ್ಲಿಗೆ ಒಯ್ದೆ. ಪಿಕಪ್ಪಿನ ಸುರುಳಿಯ ತಂತಿಯ ದಪ್ಪ ಸುಮಾರು 0.06 ಮಿಲಿಮೀಟರ್, ತಲೆಗೂದಲಿನಷ್ಟು. ಅವರಲ್ಲಿರುವ ತಂತಿಯೆಲ್ಲ ಇದರ ಮುಂದೆ ಹಗ್ಗ. ಆದರೂ ಅವರು ಭೂತಗನ್ನಡಿ ಹಿಡಿದು ನೋಡಿ, ನಡುವಿನ ಪಿಕಪ್‌ನ ಹೊರತುದಿಯನ್ನು ಬೆಸೆದಿದ್ದಲ್ಲಿ ಸಾಸಿವೆಯಷ್ಟು ಹಸಿರು ಕಿಲುಬನ್ನು ತೋರಿಸಿದರು. ಅರ್ಧ ಸುತ್ತು ಬಿಚ್ಚಿ, ತುದಿಯ ಲೇಪ ಕೆರೆದು, ಹೊಸದಾಗಿ ಬೆಸೆದೊಡನೆ ಮೀಟರು 5.7ಕ್ಕೆ ಬಂದು ನಿಂತಿತು. ಬ್ರಿಜ್‌ನದರಲ್ಲಿ ಮಾತ್ರ ಕಡಿತ ಸುರುಳಿಯ ಒಳಪದರದಲ್ಲಿತ್ತು, ಕೈ ಹೋಗುವ ಜಾಗವಲ್ಲ. ಮೂರು ಬೇಕೆಂದಿದ್ದ ಕಡೆ ಬೇಕಾದದ್ದು ಒಂದೇ.

ಆ ಒಂದನ್ನು ಆರಿಸುವಾಗ ಅಂಗಡಿಯಲ್ಲೂ ನುಡಿಸುವವರ ನಡುವೆಯೂ ಓಡಾಡುವ ಮಾತೆಂದರೆ ಓಮ್ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬುದು. ಇದು ಅರ್ಧ ಸತ್ಯವೂ ಅಲ್ಲ. ಸುತ್ತುಗಳ ಸಂಖ್ಯೆ ಅಷ್ಟೇ ಇದ್ದು ತಂತಿಯನ್ನು ಇನ್ನಷ್ಟು ತೆಳುವಾಗಿಸಿದರೂ ಓಮ್ ಏರುತ್ತದೆ, ದನಿ ಏರುವುದಿಲ್ಲ. ಸುತ್ತು ನಿಜವಾಗಿಯೇ ಹೆಚ್ಚಾದರೆ ದನಿ ಏರುವುದೇನೋ ಹೌದು, ಆದರೆ ಜೊತೆಗೆ ಮೇಲಿನ ಸ್ವರಗಳ ಹೊಳಪು ಮಂಕಾಗುತ್ತದೆ. ಅಷ್ಟೇಕೆ, ಬಿಸಿಲಿಗೂ ಓಮ್ ಏರುತ್ತದೆ: ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು 0.4 ಶೇಕಡಾ ಹೆಚ್ಚುವುದರಿಂದ, 20 ಡಿಗ್ರಿಯಲ್ಲಿ 6 ಕಿಲೋ ಓಮ್ ಇದ್ದದ್ದು ನಮ್ಮ ಏಪ್ರಿಲಿನ 35 ಡಿಗ್ರಿಯಲ್ಲಿ 6.3ನ್ನು ದಾಟುತ್ತದೆ. ಇಷ್ಟಕ್ಕೆ ಗಿಟಾರ್ ಶಕ್ತಿವಂತವಾಯಿತೆಂದು ಯಾರೂ ಹೇಳಲಾರರು. ಒಂದೇ ಜಾತಿಯ ಪಿಕಪ್‌ಗಳನ್ನು ಅಕ್ಕಪಕ್ಕ ಇಟ್ಟು ತೂಗುವುದಕ್ಕಷ್ಟೇ ಈ ಅಂಕಿ ಉಪಯುಕ್ತ. ಬ್ರಿಜ್‌ನ ಬಳಿ ತಂತಿಯ ಕಂಪನ ಕಿರಿದಾದ್ದರಿಂದ ಅಲ್ಲಿಯದು ಉಳಿದೆರಡಕ್ಕಿಂತ ತುಸು ಬಲವಾಗಿರಬೇಕು, 5.6, 5.7ರ ಜೊತೆಗೆ 6.2 ಒಪ್ಪುತ್ತದೆ, ನಾನು ಮೊದಲು ಕೊಂಡ 13 ಕಿಲೋ ಓಮಿನದು ಒಪ್ಪುವುದಿಲ್ಲ.

ಅಯಸ್ಕಾಂತದ ವಿಚಾರದಲ್ಲಿ ಹಳೆಯದನ್ನೇ ಅನುಸರಿಸುವುದು ಕ್ಷೇಮ. ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಬೆರೆತ ಅಲ್ನಿಕೋ ಕಂಬಗಳ ಪಿಕಪ್ ಇದ್ದಲ್ಲಿ ಅಂಥದ್ದೇ ಇರಲಿ; ಅಡಿಯಲ್ಲಿ ಸೆರಾಮಿಕ್ ಪಟ್ಟಿ ಅಂಟಿಸಿದ್ದನ್ನು ನಡುವೆ ಸೇರಿಸಿದರೆ ಮೂರರ ದನಿ ಒಂದು ಮನೆಯದಾಗಿ ಕೇಳುವುದು ಕಷ್ಟ. ಇದಕ್ಕಿಂತ ಮುಖ್ಯವಾದದ್ದು, ಅಂಗಡಿಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ದಿಕ್ಕಿನ ಪ್ರಶ್ನೆ. ಅಯಸ್ಕಾಂತದ ಧ್ರುವ, ತಂತಿ ಸುತ್ತಿದ ದಿಕ್ಕು ಇವೆರಡರಲ್ಲಿ ಒಂದು ಮಾತ್ರ ಹಳೆಯದಕ್ಕೆ ತಿರುವಾಗಿದ್ದರೆ ಎರಡು ಪಿಕಪ್‌ಗಳು ಒಟ್ಟಿಗೆ ನುಡಿದಾಗ ಒಂದರ ದನಿಯನ್ನು ಇನ್ನೊಂದು ತಿನ್ನುತ್ತದೆ. ಶೀತವಾದವರು ಮೂಗಿನಲ್ಲಿ ಮಾತಾಡಿದ ಹಾಗೆ ಕೇಳುತ್ತದೆ. ದುರಸ್ತಿಯಾದ ನಡುವಿನ ಪಿಕಪ್ಪಿನೊಂದಿಗೆ ಆ 13ರದ್ದನ್ನು ಸೇರಿಸಿ ನುಡಿಸಿದಾಗ ನನಗೆ ಆದದ್ದು ಇದೇ. ಪಿಕಪ್‌ನ ಎರಡು ವೈರುಗಳನ್ನು ಅದಲುಬದಲು ಮಾಡಿದರೆ ಬಹುಪಾಲು ಸರಿಹೋಗುತ್ತದೆ, ಆದರೆ ಲೋಹದ ಮುಚ್ಚಳವೋ ತಗಡೋ ಅವುಗಳಲ್ಲೊಂದಕ್ಕೆ ಬೆಸೆದಿದ್ದರೆ ಮೊದಲು ಅದನ್ನು ಬೇರ್ಪಡಿಸಿಕೊಳ್ಳಬೇಕು. ಧ್ರುವವನ್ನು ಅರಿಯಲು ಮಕ್ಕಳ ಜಾಮಿಟ್ರಿ ಪೆಟ್ಟಿಗೆಯ ಪಕ್ಕದಲ್ಲಿ ಸಿಗುವ ದಿಕ್ಸೂಚಿಯೇ ಸಾಕು.

ಜಾತ್ರೆ, ಹಬ್ಬಗಳ ವೇದಿಕೆಯಲ್ಲಿ ಸೀರಿಯಲ್ ಬಲ್ಬು, ಟ್ಯೂಬ್‌ಲೈಟುಗಳ ಪಕ್ಕ ನಿಲ್ಲಬೇಕಾದವರು 50 ಹರ್ಟ್ಸಿನ ಗುಂಯ್‌ ಸದ್ದಿಗೆ ಹೆದರಿ ಎರಡು ಸುರುಳಿಗಳ ಪಿಕಪ್ ಆದ ಹಮ್‌ಬಕರ್ ಬೇಕೆನ್ನುತ್ತಾರೆ. ಗಿಬ್ಸನ್ ಸಂಸ್ಥೆಯ ಸೇತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ 1959ರಲ್ಲಿ ಪಡೆದ ಆ ಉಪಾಯ ಸೊಗಸಾದದ್ದೇ: ಧ್ರುವವೂ ಸುತ್ತೂ ಎದುರುಬದುರಾದ ಎರಡು ಸುರುಳಿಗಳು ತಂತಿಯ ದನಿಯನ್ನು ಕೂಡಿಸುತ್ತವೆ, ಹೊರಗಿನ ಗುಂಯ್‌ಗುಡುವಿಕೆಯನ್ನು ಕಳೆಯುತ್ತವೆ. ಆದರೆ ಹಳೆಯ ಗಿಟಾರಿಗೆ ಪೂರ್ಣಗಾತ್ರದ ಹಮ್‌ಬಕರ್ ಹಾಕುವುದೆಂದರೆ ಮರ ಕೊರೆಯುವುದು, ಸಾಮಾನ್ಯವಾಗಿ 250 ಕಿಲೋ ಓಮಿನ ಪಾಟುಗಳನ್ನು 500ಕ್ಕೆ ಬದಲಿಸುವುದು. ಕೊರೆದ ಮರ ಮತ್ತೆ ಬೆಳೆಯುವುದಿಲ್ಲ. ಸಿಂಗಲ್ ಕಾಯಿಲಿನ ಗಾತ್ರದಲ್ಲೇ ಬರುವ ಹಮ್‌ಬಕರ್‌ಗಳಿವೆ. ಬೇಕಿದ್ದರೆ ಅವನ್ನು ನೋಡಬಹುದು. ನಾನು ಅದಕ್ಕೂ ಹೋಗಲಿಲ್ಲ. ಬ್ರಿಜ್ಜಿನ ಜಾಗಕ್ಕೆ, ನಡುವಿನದಕ್ಕೆ ಹೋಲಿಸಿದರೆ ಧ್ರುವ, ಸುತ್ತು ಎರಡೂ ತಿರುವಾಗಿರುವ ಸಿಂಗಲ್ ಕಾಯಿಲನ್ನೇ ಹುಡುಕಿದೆ. ಎರಡನ್ನೂ ಸೇರಿಸಿ ನುಡಿಸುವಾಗಲಾದರೂ ಸದ್ದು ಅಡಗುತ್ತದೆ.

ಅಂಥದ್ದು ಸಿಗಲು ನಾಲ್ಕು ತಿಂಗಳು ಹಿಡಿಯಿತು. ಅದು ಸಿಗದ ವಸ್ತುವೇನಲ್ಲ. ಯಾವ ಅಂಗಡಿಯ ಚೀಟಿಯಲ್ಲೂ ಬೆಲೆಯ ಹೊರತು ಇನ್ನೇನೂ ಇಲ್ಲದಿದ್ದುದೇ ತೊಡಕು. ನನ್ನ ಗಿಟಾರಿನಲ್ಲಿ ಮೊದಲ ಕಂಬದಿಂದ ಆರನೆಯದಕ್ಕೆ 50 ಮಿಲಿಮೀಟರ್; ಅಂಗಡಿಗಳಲ್ಲಿ ಕೈಗೆ ಸಿಕ್ಕವು ಹೆಚ್ಚಿನವು 52. ಇದನ್ನು ತಿಳಿಯಲು ಪ್ರತಿ ಅಂಗಡಿಯಲ್ಲೂ ಪೆಟ್ಟಿಗೆ ತೆರೆಸಿ, ಜೇಬಿನ ಸ್ಕೇಲು ಇಟ್ಟು ಅಳೆದು, ಮಾರುವವರ ಮುಖ ನೋಡಬೇಕಾಯಿತು.

ಆದ್ದರಿಂದ ಕಾಸರಗೋಡು, ಮಂಗಳೂರುಗಳ ವಾದ್ಯದಂಗಡಿಯವರಲ್ಲಿ ತಮ್ಮ ಪತ್ರಿಕೆಯ ಮೂಲಕ ನನ್ನದೊಂದು ಬಿನ್ನಹ. ಪಿಕಪ್‌ನ ಚೀಟಿಯಲ್ಲಿ ಬೆಲೆಯ ಜೊತೆಗೆ ಕಿಲೋ ಓಮ್, ಕಂಬಗಳ ಅಂತರ, ಹೊರ ಅಳತೆ, ಅಯಸ್ಕಾಂತದ ಜಾತಿ, ಧ್ರುವ ಇಷ್ಟನ್ನು ಬರೆದಿಡಲಿ, ಕನ್ನಡದಲ್ಲೋ ಮಲಯಾಳದಲ್ಲೋ. ಕೌಂಟರಿನಲ್ಲಿ ಒಂದು ಮಲ್ಟಿಮೀಟರ್ ಇರಲಿ. ಹೊಸದನ್ನು ಮಾರುವ ಮೊದಲು ಗಿರಾಕಿಯ ಹಳೆಯದನ್ನು ಅದರಿಂದ ಒಮ್ಮೆ ಮುಟ್ಟಿ ನೋಡಲಿ. ಕೂರಿಸಿಕೊಡುವವರು ತಂತಿಯನ್ನು ಕುತ್ತಿಗೆಯ ಮೇಲಿನ ಕಡೆಯ ಫ್ರೆಟ್ಟಿನಲ್ಲಿ (ಲೋಹದ ಅಡ್ಡಪಟ್ಟಿಯಲ್ಲಿ) ಒತ್ತಿಹಿಡಿದು, ತಂತಿಗೂ ಪಿಕಪ್‌ನ ಕಂಬಕ್ಕೂ ನಡುವೆ 2ರಿಂದ 2.5 ಮಿಲಿಮೀಟರ್ ಬಿಟ್ಟೇ ಸ್ಕ್ರೂ ನಿಲ್ಲಿಸಲಿ. ಅದಕ್ಕಿಂತ ಹತ್ತಿರವಾದರೆ ಅಯಸ್ಕಾಂತ ತಂತಿಯನ್ನು ಎಳೆದು ಶ್ರುತಿ ಕೆಡಿಸುತ್ತದೆ, ಗಿರಾಕಿ ಮಾರನೆಯ ದಿನವೇ ಮತ್ತೆ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ.

ಇಂತು ತಮ್ಮ ವಿಶ್ವಾಸಿ,
ಓರ್ವ ಓದುಗ, ನೀರ್ಚಾಲು, ಕಾಸರಗೋಡು ಜಿಲ್ಲೆ