ಲಾರಿ ಟೈರ್ ಸಿಡಿದಾಗ ಅದ್ರಲ್ಲಿ ಗಾಳಿ ಎಷ್ಟಿತ್ತು ಅಂತ ಯಾರೂ ಯಾಕೆ ಕೇಳಲ್ಲ?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೈವೇ ಆಕ್ಸಿಡೆಂಟ್ ಸುದ್ದಿ ಯಾವ ಪೇಪರಲ್ಲಿ ಬಂದ್ರೂ ಟೈರ್ ಸಿಡಿದು ಚಾಲಕನ ನಿಯಂತ್ರಣ ತಪ್ಪಿ ಲಾರಿ ಡಿವೈಡರ್ ದಾಟಿ ಎದುರಿಗೆ ಬರ್ತಿದ್ದ ಕಾರಿಗೆ ಬಡಿದಿದೆ ಅಂತ ಇರುತ್ತೆ, ಅಲ್ಲಿಗೆ ಮುಗೀತು. ಟೈರ್ ಯಾಕೆ ಸಿಡೀತು, ಗಾಳಿ ಎಷ್ಟಿತ್ತು, ಎಷ್ಟು ವರ್ಷದ ಟೈರು, ಎಷ್ಟು ಸಲ ರೀಸೋಲ್ (ಸವೆದ ಟೈರಿಗೆ ಮೇಲೆ ಹೊಸ ರಬ್ಬರ್ ಹಾಕೋದು) ಆಗಿತ್ತು, ಮೇಲೆ ಲೋಡ್ ಎಷ್ಟಿತ್ತು, ಇದನ್ನ ಯಾರೂ ಕೇಳಲ್ಲ. ನಮ್ಮದು ಲಾರಿ ಇಟ್ಕೊಂಡಿರೋ ಮನೆ, ಚಿತ್ರದುರ್ಗ ದಾವಣಗೆರೆ ಕಡೆಯಿಂದ ಈರುಳ್ಳಿ, ಮೆಕ್ಕೆಜೋಳ ತುಂಬ್ಕೊಂಡು ಬೆಂಗಳೂರಿಗೂ ಮಂಗಳೂರಿಗೂ ಗಾಡಿ ಹೋಗ್ತವೆ, ಹಾಗಾಗಿ ಈ ಪ್ರಶ್ನೆ ನಮಗೆ ದಿನಾ ಇರೋದೇ.

ಟೈರ್ ಸಿಡಿಯೋದನ್ನ ನಮ್ಮ ಜನ ಹಣೆಬರಹ ಅಂತಾರೆ, ಇನ್ಶೂರೆನ್ಸ್ ಕಂಪನಿ ಒಂದು ಕೋರ್ಟಲ್ಲಿ ಅದು ದೈವಕೃತ್ಯ ಅಂತ ವಾದ ಮಾಡಿತ್ತು. 2010ರಲ್ಲಿ ಪುಣೆಯಿಂದ ಮುಂಬೈಗೆ ಹೋಗೋವಾಗ ಕಾರಿನ ಟೈರ್ ಸಿಡಿದು ಒಬ್ಬರು ತೀರ್ಕೊಂಡಿದ್ದ ಕೇಸ್ ಅದು, ಬಾಂಬೆ ಹೈಕೋರ್ಟ್ 2023ರಲ್ಲಿ ಆ ವಾದ ಒಪ್ಪಲಿಲ್ಲ, ಟೈರ್ ಸಿಡಿಯೋದು ದೇವರ ಕೆಲಸ ಅಲ್ಲ ಮನುಷ್ಯರ ನಿರ್ಲಕ್ಷ್ಯ ಅಂತ ಹೇಳ್ತು. ಕಾರಿಗೇ ಹೀಗಾದ್ರೆ ಹತ್ತು, ಹನ್ನೆರಡು, ಹದಿನಾಲ್ಕು ಚಕ್ರದ ಗಾಡಿಗೆ ಇನ್ನೆಷ್ಟು ಜವಾಬ್ದಾರಿ ಇರಬೇಕು ನೋಡಿ.

ಗಾಳಿ ಜಾಸ್ತಿ ಆಗಿ ಟೈರ್ ಸಿಡಿಯುತ್ತೆ ಅಂತಾನೇ ಬಹಳ ಜನ ತಿಳ್ಕೊಂಡಿದಾರೆ, ಬಿಸಿಲಲ್ಲಿ ಗಾಳಿ ಉಬ್ಬಿ ಒಡೆಯುತ್ತೆ ಅಂತ. ಹೆಚ್ಚಾಗಿ ಆಗೋದು ಇದಕ್ಕೆ ಉಲ್ಟಾ. ಲೋಡ್ ಗಾಡಿಯ 10.00 ಆರ್ 20 ಸೈಜಿನ ರೇಡಿಯಲ್ (ಒಳಗೆ ಸ್ಟೀಲ್ ಎಳೆ ಇರೋ) ಟೈರಿಗೆ 110ರಿಂದ 120 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಆಸುಪಾಸು ಗಾಳಿ ಬೇಕು. ಅದು 80ಕ್ಕೋ 85ಕ್ಕೋ ಇಳಿದ್ರೆ ಟೈರಿನ ಸೈಡು ಒಂದೊಂದು ಸುತ್ತಿಗೂ ಜಾಸ್ತಿ ಮಡಚಿಕೊಂಡು ಬಿಚ್ಚಿಕೊಳ್ಳುತ್ತೆ, ಅದರಿಂದ ಒಳಗೆ ಕಾವು ಹುಟ್ಟುತ್ತೆ, ಆ ಕಾವಿಗೆ ರಬ್ಬರೂ ಒಳಗಿನ ಸ್ಟೀಲ್ ಬೆಲ್ಟೂ ಬೇರೆ ಬೇರೆ ಆಗೋಕೆ ಶುರು ಆಗುತ್ತೆ, ಕೊನೆಗೆ ಸ್ಪೀಡಲ್ಲಿ ಓಡ್ತಾ ಇರೋವಾಗ ಒಂದೇ ಸಲ ಕಿತ್ಕೊಂಡು ಹೋಗುತ್ತೆ. ಬೇಸಿಗೆಯಲ್ಲಿ ರಾಯಚೂರು ಕಲಬುರಗಿ ಕಡೆ 42 ಡಿಗ್ರಿ ಬಿಸಿಲಿದ್ದಾಗ ರೋಡ್ ಅದಕ್ಕಿಂತ ಬಹಳ ಜಾಸ್ತಿ ಕಾದಿರುತ್ತೆ, ಅಲ್ಲಿಗೆ ಟೈರ್ ತಣ್ಣಗಾಗೋಕೆ ಅವಕಾಶಾನೇ ಇಲ್ಲ. ಇನ್ನು ಕೆಲವು ಡ್ರೈವರ್‌ಗಳು ಮಧ್ಯಾಹ್ನ ಓಡಿಸಿ ಬಿಸಿ ಆದ ಟೈರಿಗೆ ಗೇಜ್ ಹಾಕಿ ನೋಡ್ತಾರೆ, ಬಿಸಿಗೆ ಪ್ರೆಶರ್ ಏರಿರುತ್ತೆ, ಜಾಸ್ತಿ ಇದೆ ಅಂತ ಗಾಳಿ ಬಿಟ್ಟುಬಿಡ್ತಾರೆ. ಟೈರ್ ತಣ್ಣಗಾದ ಮೇಲೆ ನೋಡಿದ್ರೆ ಬೇಕಾದ್ದಕ್ಕಿಂತ ಕಮ್ಮಿ ಇರುತ್ತೆ. ಗಾಳಿ ನೋಡೋದು ಬೆಳಿಗ್ಗೆ, ಗಾಡಿ ಹೊರಡೋಕೆ ಮುಂಚೆ.

ಹಿಂದಿನ ಚಕ್ರಗಳದ್ದು ಇನ್ನೊಂದು ಕಥೆ. ಅಲ್ಲಿ ಜೋಡಿ ಟೈರ್ ಇರೋದ್ರಿಂದ ಒಳಗಿನದು ಕಣ್ಣಿಗೇ ಸರಿಯಾಗಿ ಬೀಳಲ್ಲ, ಅದ್ರ ವಾಲ್ವಿಗೆ ಕೈ ಹಾಕೋದೂ ಕಷ್ಟ. ಒಳಗಿನ ಟೈರಲ್ಲಿ ಗಾಳಿ ಇಳಿದ್ರೂ ಹೊರಗಿನದು ಭಾರ ಹೊತ್ಕೊಂಡು ನಿಂತಿರುತ್ತೆ, ನೋಡೋಕೆ ಎಲ್ಲಾ ಸರಿ ಇದ್ದಂಗೆ ಕಾಣುತ್ತೆ, ಆದ್ರೆ ಒಂದು ಟೈರ್ ಎರಡರ ಕೆಲಸ ಮಾಡ್ತಾ ಇರುತ್ತೆ, ಸ್ವಲ್ಪ ದೂರಕ್ಕೆ ಅದೂ ಹೋಗುತ್ತೆ. ಡ್ರೈವರೋ ಕ್ಲೀನರೋ ಇಳಿದು ಬಂದು ರಾಡಲ್ಲಿ ಟಪ್ ಟಪ್ ಅಂತ ಬಡಿದು ಸೌಂಡ್ ಕೇಳಿ ಗಾಳಿ ಇದೆ ಅಂತಾರೆ. ಪೂರ್ತಿ ಪಂಕ್ಚರ್ ಆಗಿದ್ರೆ ಆ ಸೌಂಡಲ್ಲಿ ಗೊತ್ತಾಗುತ್ತೆ, 110 ಇದೆಯಾ 85 ಇದೆಯಾ ಅನ್ನೋದು ಎಂಥ ಅನುಭವಸ್ಥನಿಗೂ ಗೊತ್ತಾಗಲ್ಲ. ಇರಬೇಕಾದ ಗಾಳಿಗಿಂತ 20 ಪರ್ಸೆಂಟ್ ಕಮ್ಮಿ ಇಟ್ಕೊಂಡು ಓಡಿದ್ರೆ ಆ ಟೈರು ಫ್ಲಾಟ್ ಆಗೇ ಓಡಿದೆ ಅಂತ ಲೆಕ್ಕಕ್ಕೆ ತಗೋಬೇಕು ಅನ್ನೋದು ಟೈರ್ ಲೈನಲ್ಲಿರೋರ ಮಾತು, ಅಂದ್ರೆ 110 ಬೇಕಾದ ಕಡೆ 88ಕ್ಕೆ ಇಳಿದ್ರೆ ಆಗ್ಲೇ ಅಪಾಯ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕಂದ್ರೆ ಇದ್ರಲ್ಲಿ ಸಾಯೋರು ಪಂಕ್ಚರ್ ಅಂಗಡಿ ಹುಡುಗರು, ಅವರ ಬಗ್ಗೆ ಯಾರೂ ಮಾತಾಡಲ್ಲ. ಗಾಳಿ ಕಮ್ಮಿ ಇಟ್ಕೊಂಡು ಬಹಳ ದೂರ ಓಡಿದ ರೇಡಿಯಲ್ ಟೈರಿನ ಸೈಡಲ್ಲಿ ಇರೋ ಸ್ಟೀಲ್ ಎಳೆಗಳು, ತಂತಿನ ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಬಗ್ಗಿಸಿ ಮುರಿದಂಗೆ, ಒಳಗೊಳಗೇ ಸವೆದು ಹೋಗಿರ್ತವೆ, ಹೊರಗಿನಿಂದ ಏನೂ ಕಾಣ್ಸಲ್ಲ. ಆ ಟೈರನ್ನ ಅಂಗಡಿಗೆ ತಂದು ಪಂಕ್ಚರ್ ಹಾಕಿ ಮತ್ತೆ ಪೂರ್ತಿ ಗಾಳಿ ತುಂಬಿಸೋವಾಗ ಒಂದು ಎಳೆ ಕಿತ್ತರೆ ಪಕ್ಕದ್ದೂ ಕಿತ್ಕೊಂಡು ಸಾಲಾಗಿ ಸೀಳುತ್ತೆ, ಒಳಗಿನ ಅಷ್ಟೂ ಗಾಳಿ ಒಂದು ಕ್ಷಣದಲ್ಲಿ ಹೊರಗೆ ನುಗ್ಗುತ್ತೆ, ಎದುರಿಗೆ ಕೂತಿರೋ ಹುಡುಗನ್ನ ಎತ್ತಿ ಎಸೆಯುತ್ತೆ. ಟೈರನ್ನ ಹಿಡಿದಿಡೋ ಲಾಕ್ ರಿಂಗ್ ಇರೋ ಹಳೇ ಡಿಸ್ಕ್ (ಟೈರ್ ಕೂರೋ ಚಕ್ರದ ಕಬ್ಬಿಣದ ಭಾಗ) ಆದ್ರೆ ರಿಂಗೇ ಹಾರಿ ಬರುತ್ತೆ. ಅಮೆರಿಕದಲ್ಲಿ ಲಾರಿ ಟೈರನ್ನ ಡಿಸ್ಕಿಗೆ ಹಾಕಿದ ಮೇಲೆ ಕಬ್ಬಿಣದ ಪಂಜರದ ಥರ ಒಂದು ತಡೆಯೊಳಗೆ ಇಟ್ಟೇ ಗಾಳಿ ತುಂಬಬೇಕು, ಉದ್ದ ಪೈಪ್ ಹಾಕಿ ದೂರ ನಿಂತ್ಕೋಬೇಕು ಅಂತ ಕಾರ್ಮಿಕ ಸುರಕ್ಷತೆ ಕಾನೂನೇ ಇದೆ. ನಮ್ಮ ಹೈವೇ ಪಕ್ಕದ ಅಂಗಡಿಗಳಲ್ಲಿ ಹದಿನೆಂಟು ಇಪ್ಪತ್ತರ ಹುಡುಗರು ಟೈರ್ ಮೇಲೆ ಕಾಲಿಟ್ಕೊಂಡು, ಡಿಸ್ಕ್ ಮೇಲೆ ಬಗ್ಗಿಕೊಂಡು ಗಾಳಿ ಹಿಡೀತಾರೆ. ಆ ಟೈರ್ ಹಿಂದಿನ ರಾತ್ರಿ ಎಷ್ಟು ಕಿಲೋಮೀಟರ್ ಫ್ಲಾಟ್ ಓಡಿದೆ ಅಂತ ಆ ಹುಡುಗನಿಗೆ ಹೇಳೋರು ಯಾರು? ಡ್ರೈವರಿಗೇ ಗೊತ್ತಿರಲ್ಲ. ಪ್ರೆಶರ್ ತೋರಿಸೋ ಮೀಟರ್ ಕ್ಯಾಬಿನ್‌ನಲ್ಲಿ ಇದ್ದಿದ್ರೆ ಗೊತ್ತಾಗಿರೋದು, ಟೈರ್ ಅಲ್ಲಿಗೇ ಬಿಚ್ಚಿ ಒಳಗೆ ಚೆಕ್ ಮಾಡಿ ಅನ್ನಬಹುದಿತ್ತು.

ಆ ಮೀಟರೇ ಟಿಪಿಎಂಎಸ್, ಅಂದ್ರೆ ಟೈರ್ ಪ್ರೆಶರ್ ಮಾನಿಟರಿಂಗ್ ಸಿಸ್ಟಮ್. ದೊಡ್ಡ ರಾಕೆಟ್ ವಿಜ್ಞಾನ ಏನಲ್ಲ, ಒಂದೊಂದು ವಾಲ್ವಿನ ಮೇಲೆ ಅಥವಾ ಡಿಸ್ಕ್ ಒಳಗೆ ಒಂದೊಂದು ಸೆನ್ಸಾರ್, ಅದು ಪ್ರೆಶರ್ರೂ ಕಾವೂ ಎರಡನ್ನೂ ರೇಡಿಯೋ ಸಿಗ್ನಲ್‌ನಲ್ಲಿ ಡ್ರೈವರ್ ಮುಂದಿನ ಡಿಸ್‌ಪ್ಲೇಗೆ ಕಳಿಸುತ್ತೆ, ಹಾಕಿದ ಲೆಕ್ಕಕ್ಕಿಂತ ಕೆಳಗೆ ಇಳಿದ ಕೂಡ್ಲೇ ಬೀಪ್ ಹೊಡೆಯುತ್ತೆ. ಒಳಗಿನ ಟೈರೂ ಅದಕ್ಕೆ ಕಾಣುತ್ತೆ. ಘಾಟಿ ಇಳಿಯೋವಾಗ ಬ್ರೇಕ್ ಹಿಡ್ಕೊಂಡು ಡ್ರಮ್ ಕಾದು ಟೈರಿಗೆ ಬಿಸಿ ಹತ್ತಿದ್ರೂ ತೋರಿಸುತ್ತೆ, ಶಿರಾಡಿಯಲ್ಲೋ ಅರಬೈಲ್‌ನಲ್ಲೋ ಇಳಿಯೋ ಟ್ಯಾಂಕರಿಗೆ ಅದೊಂದೇ ಸಾಕು ಇದನ್ನ ಹಾಕಿಸೋಕೆ.

ಯುರೋಪ್ ಒಕ್ಕೂಟದಲ್ಲಿ 2022ರ ಜುಲೈನಿಂದ ಹೊಸ ಮಾಡೆಲ್ ಲಾರಿ ಬಸ್ಸುಗಳಿಗೆ, 2024ರ ಜುಲೈನಿಂದ ಹೊಸದಾಗಿ ನೋಂದಣಿ ಆಗೋ ಎಲ್ಲಾ ಲಾರಿ ಬಸ್ಸುಗಳಿಗೆ ಇದು ಕಡ್ಡಾಯ ಆಗಿದೆ. ನಮ್ಮ ಕೇಂದ್ರ ಸಾರಿಗೆ ಸಚಿವಾಲಯ 2020ರ ಜುಲೈನಲ್ಲಿ ಟಿಪಿಎಂಎಸ್ ಬಗ್ಗೆ ನಿಯಮ ತಂತು, ಆದ್ರೆ ಅದು 3.5 ಟನ್ ಒಳಗಿನ ಗಾಡಿಗೆ, ಅದ್ರ ಜೊತೆಗೆ ಟ್ಯೂಬ್‌ಲೆಸ್ ಟೈರೂ ಪಂಕ್ಚರ್ ಕಿಟ್ಟೂ ಇದ್ರೆ ಕಾರಲ್ಲಿ ಸ್ಟೆಪ್ನಿ ಇಲ್ಲದಿದ್ರೂ ನಡೆಯುತ್ತೆ ಅಂತ. ಅದಕ್ಕೂ ಎರಡು ವರ್ಷ ಮುಂಚೆ, 2018ರ ಜುಲೈನಲ್ಲಿ, ಲಾರಿಗಳ ಆಕ್ಸಲ್ ಲೋಡ್ (ಒಂದೊಂದು ಅಚ್ಚಿನ ಮೇಲೆ ಹೊರಿಸಬಹುದಾದ ಭಾರ) ಏರಿಸಿದ್ರು, ಜೋಡಿ ಟೈರಿನ ಸಿಂಗಲ್ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಆಯ್ತು. ಲಾರಿ ಮಾಲೀಕರಿಗೆ ಅನುಕೂಲ ಆಯ್ತು, ಇಲ್ಲ ಅನ್ನಲ್ಲ, ಆದ್ರೆ ಟೈರ್ ಮೇಲೆ ಭಾರ ಏರಿಸಿದ ಸರ್ಕಾರ ಆ ಟೈರಿನ ಗಾಳಿ ನೋಡ್ಕೊಳ್ಳೋ ವ್ಯವಸ್ಥೆನ ಲಾರಿಯನ್ನೇ ಕೈಬಿಟ್ಟು ಕಾರಿಗೆ ಮಾಡ್ತು. ಇದು ನನಗೆ ಒಪ್ಪೋಕೆ ಆಗ್ತಿಲ್ಲ. 2025ರ ಅಕ್ಟೋಬರ್‌ನಿಂದ ತಯಾರಾಗೋ ದೊಡ್ಡ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಮಾಡಿದಾರೆ, ಬಹಳ ಒಳ್ಳೇ ಕೆಲಸ, ಡ್ರೈವರ್‌ಗಳು ಮನುಷ್ಯರ ಥರ ಕೂತು ಗಾಡಿ ಓಡಿಸಬಹುದು. ಕಂಪನಿಯಿಂದಲೇ ಎಸಿ ಬರುತ್ತೆ ಅಂದ್ರೆ ಕಂಪನಿಯಿಂದಲೇ ಟಿಪಿಎಂಎಸ್ ಯಾಕೆ ಬರಬಾರದು?

ಎಫ್‌ಸಿಗೆ (ಗಾಡಿ ಓಡಿಸೋಕೆ ಯೋಗ್ಯ ಅನ್ನೋ ಫಿಟ್‌ನೆಸ್ ಸರ್ಟಿಫಿಕೇಟ್‌ಗೆ) ಹೋದಾಗಲೂ ಅಷ್ಟೇ. ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ಟೈರಿನ ಗುಂಡಿ (ಮೇಲಿನ ರಬ್ಬರಿನ ಗೆರೆಗಳ ಆಳ) ಕನಿಷ್ಠ 1.6 ಮಿಲಿಮೀಟರ್ ಇರಬೇಕು ಅಂತ ಇದೆ, ಎಂಟು ವರ್ಷದ ಒಳಗಿನ ಗಾಡಿಗೆ ಎರಡು ವರ್ಷಕ್ಕೊಂದ್ಸಲ, ಆಮೇಲೆ ವರ್ಷಕ್ಕೊಂದ್ಸಲ ಎಫ್‌ಸಿ. ಗಾಳಿ ಅನ್ನೋದು ಹಾಗಲ್ಲ, ಎಫ್‌ಸಿ ದಿನ ಸರಿ ಇದ್ದು ವಾರಕ್ಕೆ ಇಳಿದಿರುತ್ತೆ. ದಿನಾ ನೋಡಬೇಕಾದ್ದನ್ನ ವರ್ಷಕ್ಕೊಂದು ಸೀಲಿನಿಂದ ಕಾಯೋಕೆ ಆಗಲ್ಲ.

ನಮ್ಮ ಮಾಲೀಕರು ಹೇಳೋ ತಕರಾರುಗಳೂ ಇದಾವೆ, ಅವನ್ನ ತಳ್ಳಿಹಾಕೋ ಹಾಗಿಲ್ಲ. ಹೊರಗೆ ವಾಲ್ವಿಗೆ ಹಾಕೋ ಸೆನ್ಸಾರ್‌ಗಳನ್ನ ಪಾರ್ಕಿಂಗ್‌ನಲ್ಲಿ ಬಿಚ್ಕೊಂಡು ಹೋಗ್ತಾರೆ, ಬ್ಯಾಟರಿ ಮುಗಿಯುತ್ತೆ, ಟೈರ್ ಅದಲು ಬದಲು ಮಾಡಿದ್ರೆ ಮತ್ತೆ ಸೆಟ್ ಮಾಡಬೇಕು, ಹೊಸ ಬ್ಲೇಡಿನ ಥರ ಹರಿತ ಇರೋ ಕಬ್ಬಿಣ ರೋಡಲ್ಲಿ ಸಿಕ್ಕಿ ಟೈರ್ ಸೀಳಿದ್ರೆ ಯಾವ ಸೆನ್ಸಾರೂ ಮುಂಚೆ ಹೇಳಲ್ಲ. ಎಲ್ಲಾ ನಿಜ. ಆದ್ರೆ ಈಗ ಒಂದು ಹೊಸ ಲಾರಿ ಟೈರಿಗೇ ಇಪ್ಪತ್ತು ಸಾವಿರ ದಾಟುತ್ತೆ, ಗಾಳಿ ಸರಿ ಇದ್ರೆ ಟೈರ್ ಬಾಳಿಕೆ ಬರುತ್ತೆ, ಡೀಸೆಲ್ ಉಳಿಯುತ್ತೆ, ಮುಖ್ಯವಾಗಿ ಟೈರ್ ಗಟ್ಟಿ ಇದ್ರೆ ರೀಸೋಲಿಗೆ ಬರುತ್ತೆ. ರೀಸೋಲ್ ಟೈರೇ ಕೆಟ್ಟದ್ದು ಅಂತ ಟಿವಿಯಲ್ಲಿ ಹೇಳ್ತಾರೆ, ಅದು ಸರಿಯಲ್ಲ, ಒಳಗಿನ ಬಾಡಿ ಚೆನ್ನಾಗಿದ್ದು ಒಳ್ಳೇ ಕಡೆ ಮಾಡಿಸಿದ್ರೆ ಹಿಂದಿನ ಚಕ್ರಕ್ಕೆ ಅದು ನಡೆಯುತ್ತೆ, ಗಾಳಿ ಇಲ್ಲದೆ ಬೆಂದುಹೋದ ಟೈರಿಗೆ ಮೇಲೆ ರಬ್ಬರ್ ಅಂಟಿಸಿದ್ರೆ ಮಾತ್ರ ಆ ಸಿಪ್ಪೆ ಕಿತ್ತು ಹಿಂದೆ ಬರೋ ಬೈಕಿನವನ ಚಕ್ರಕ್ಕೆ ಸಿಗುತ್ತೆ.

ಹಾಗಾಗಿ ನಾನು ಕೇಳೋದು ಇಷ್ಟು. ಗ್ಯಾಸ್, ಪೆಟ್ರೋಲ್, ಕೆಮಿಕಲ್ ಟ್ಯಾಂಕರ್‌ಗಳಿಗೆ ಮತ್ತು ಸ್ಲೀಪರ್ ಬಸ್ಸುಗಳಿಗೆ ಮೊದಲು ಟಿಪಿಎಂಎಸ್ ಕಡ್ಡಾಯ ಆಗಲಿ, ಆಮೇಲೆ ಹೊಸ ಲಾರಿಗಳಿಗೆ. ಹಳೇ ಲಾರಿ ಇಟ್ಕೊಂಡಿರೋ ಸಣ್ಣ ಮಾಲೀಕರ ಮೇಲೆ ದಂಡ ಹಾಕೋದಲ್ಲ, ಇನ್ಶೂರೆನ್ಸ್ ಪ್ರೀಮಿಯಂನಲ್ಲಿ ಒಂದಿಷ್ಟು ಕಮ್ಮಿ ಮಾಡಿದ್ರೆ ತಾವಾಗೇ ಹಾಕಿಸ್ತಾರೆ. ಟೋಲ್ ಕಟ್ಟಿಸ್ಕೊಳ್ಳೋ ಪ್ಲಾಜಾಗಳಲ್ಲಿ ಲಾರಿಗೆ ಬೇಕಾದ 120 ಪಿಎಸ್‌ಐ ಕೊಡೋ ಗಾಳಿ ಮಿಷನ್ನು, ಸರಿಯಾದ ಗೇಜ್ ಇಡಲಿ, ಪೆಟ್ರೋಲ್ ಬಂಕ್‌ಗಳ ಮಿಷನ್ನು ಹೆಚ್ಚಾಗಿ ಕಾರು ಬೈಕಿಗಷ್ಟೇ ಸಾಕಾಗುತ್ತೆ. ಪಂಕ್ಚರ್ ಅಂಗಡಿಗಳಿಗೆ ಆ ಕಬ್ಬಿಣದ ಪಂಜರ ಕೊಳ್ಳೋಕೆ ಸಾಲನೋ ಸಬ್ಸಿಡಿನೋ ಕಾರ್ಮಿಕ ಇಲಾಖೆ ಕೊಡಲಿ.

ಸಂಪಾದಕರಲ್ಲಿ ಒಂದು ವಿನಂತಿ. ಆಕ್ಸಿಡೆಂಟ್ ಆದ ಗಾಡಿನ ಮೋಟಾರ್ ವೆಹಿಕಲ್ ಇನ್‌ಸ್ಪೆಕ್ಟರ್ ಬಂದು ನೋಡಿ ರಿಪೋರ್ಟ್ ಬರೀತಾರೆ. ಟೈರ್ ಸಿಡಿದ ಕೇಸಲ್ಲಿ ಉಳಿದ ಟೈರ್‌ಗಳಲ್ಲಿ ಗಾಳಿ ಎಷ್ಟಿತ್ತು, ಸಿಡಿದ ಟೈರ್ ತಯಾರಾಗಿದ್ದು ಯಾವಾಗ ಅಂತ ನಿಮ್ಮ ವರದಿಗಾರರು ಅವರನ್ನ ಕೇಳಲಿ. ತಯಾರಾದ ದಿನ ಟೈರ್ ಮೇಲೇ ನಾಲ್ಕು ಅಂಕಿಯಲ್ಲಿ ಇರುತ್ತೆ, 2319 ಅಂತ ಇದ್ರೆ 2019ರ 23ನೇ ವಾರ ಅಂತ ಅರ್ಥ. ಉತ್ತರ ಸಿಕ್ಕಿದ್ರೆ ಅದನ್ನೂ ಸುದ್ದಿಯಲ್ಲೇ ಹಾಕಿ, ಉತ್ತರ ಕೊಡಲಿಲ್ಲ ಅಂದ್ರೆ ಕೊಡಲಿಲ್ಲ ಅಂತಾನೇ ಹಾಕಿ.

ಇತಿ,
ಒಬ್ಬ ಲಾರಿ ಮಾಲೀಕ,
ಹಿರಿಯೂರು, ಚಿತ್ರದುರ್ಗ ಜಿಲ್ಲೆ