ಸುದ್ದಿಯ ಪ್ರಭಾವ ಅಳೆಯಲು ಪ್ರಯೋಗವೂ ಬೇಕು

ಮಾನ್ಯ ಸಂಪಾದಕರೇ,

ಟಿ.ವಿ. ಸುದ್ದಿಯೇ ಜನಾಭಿಪ್ರಾಯವನ್ನು ರೂಪಿಸುತ್ತದೆ ಎನ್ನಲು ಬರೀ ಸಮೀಕ್ಷೆ ಸಾಲದು. ದೇಶದ ರಕ್ಷಣೆಯ ಬಗ್ಗೆ ಮೊದಲೇ ಚಿಂತಿಸುವವರು ಅಂಥ ಸುದ್ದಿಯನ್ನು ಹೆಚ್ಚು ನೋಡುತ್ತಿರಲೂಬಹುದಲ್ಲ! ಅಮೆರಿಕದ ನ್ಯೂ ಹೇವನ್‌ನಲ್ಲಿ ರಾಜ್ಯಶಾಸ್ತ್ರಜ್ಞರಾದ ಶಾಂತೋ ಅಯ್ಯಂಗಾರ್, ಡೊನಾಲ್ಡ್ ಕಿಂಡರ್ ಮತ್ತು ಸಂಗಡಿಗರು ನಡೆಸಿ 1982ರಲ್ಲಿ ಪ್ರಕಟಿಸಿದ ಪ್ರಯೋಗ ಈ ತೊಡಕನ್ನು ಬಿಡಿಸಿತು. ಸ್ಥಳೀಯ ನಿವಾಸಿಗಳನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಗುಂಪುಗಳಾಗಿ ವಿಂಗಡಿಸಿ, ಅವರಿಗೆ ತಿಳಿಯದಂತೆ ಮಾರ್ಪಡಿಸಿದ ಸಂಜೆಯ ಸುದ್ದಿಯನ್ನು ಕೆಲವು ದಿನ ತೋರಿಸಿದಾಗ, ರಕ್ಷಣಾ ವ್ಯವಸ್ಥೆಯ ದೌರ್ಬಲ್ಯದ ವರದಿಗಳನ್ನು ಕಂಡವರು ಆ ಸಮಸ್ಯೆಗೆ ಮೊದಲಿಗಿಂತ ಹೆಚ್ಚು ಮಹತ್ವ ಕೊಟ್ಟರು. ಪ್ರಯೋಗದ ಕೋಣೆ ಮನೆಯ ಪಡಸಾಲೆಯಲ್ಲ ಎಂಬ ಆಕ್ಷೇಪ ನ್ಯಾಯವೇ. ಆದರೆ ಕಾರಣ ಯಾವುದು, ಪರಿಣಾಮ ಯಾವುದು ಎಂಬುದನ್ನು ಪ್ರಶ್ನಾವಳಿ ಅಷ್ಟು ಸುಲಭವಾಗಿ ಬೇರ್ಪಡಿಸಲಾರದು. ನಮ್ಮ ಪತ್ರಿಕೋದ್ಯಮ ವಿಭಾಗಗಳು ಸಂಶೋಧನಾ ವಿದ್ಯಾರ್ಥಿಗಳಿಗೆ ಈ ವಿಧಾನವನ್ನು ಕಲಿಸಲಿ. ಪ್ರಯೋಗದ ಕೊನೆಯಲ್ಲಿ ಅದರಲ್ಲಿ ಪಾಲ್ಗೊಂಡವರಿಗೆ ನಿಜಾಂಶ ತಿಳಿಸುವ ಹೊಣೆಯನ್ನೂ ಕಲಿಸಲಿ.

– ಓರ್ವ ಮಾಧ್ಯಮ ಅಧ್ಯಾಪಕ, ಮೈಸೂರು