ಪುಟ್ಟನಿಗೆ, ಟ್ರಕ್ ವಿಷಯವಾಗಿ

ಚಿರಂಜೀವಿ ಪುಟ್ಟನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ಹ್ಯೂಸ್ಟನ್‌ನಲ್ಲಿ ನಾನೂ ನಿಮ್ಮತ್ತೆಯೂ ಕ್ಷೇಮ. ನೀನು ಕೊಳ್ಳಬೇಕೆಂದಿರುವ ಪಿಕಪ್ ಟ್ರಕ್ಕಿನ ಫೋಟೋಗಳನ್ನು ನಿನ್ನೆ ರಾತ್ರಿ ಕನ್ನಡಕ ಹಾಕಿಕೊಂಡು ಒಂದೊಂದಾಗಿ ನೋಡಿದೆ. ಫೋರ್ಡ್ ಎಫ್-150, ಕಿಂಗ್ ರಾಂಚ್ ಮಾಡೆಲ್, ಕಂದು ಚರ್ಮದ ಸೀಟು. ಗಾಡಿ ಚೆನ್ನಾಗಿದೆ, ಸುಳ್ಳು ಹೇಳಲ್ಲ. ಆದರೆ ಫೋನಿನಲ್ಲಿ ಮಾತಾಡಿದರೆ ಎಲ್ಲಿ ಜಗಳಕ್ಕೆ ತಿರುಗುತ್ತೋ ಅಂತ ಬರೆಯುತ್ತಿದ್ದೇನೆ. ಪೂರ್ತಿ ಓದು.

ನೀನು ಹೇಳಿದ ಒಂದು ಮಾತು ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. "ಆಫೀಸ್ ಪಾರ್ಕಿಂಗ್ ತುಂಬ ಟ್ರಕ್ಕೇ ಮಾವ. ನನ್ನ ಹಳೇ ಕೊರೊಲ್ಲಾದಿಂದ ಇಳಿಯುವಾಗ ಯಾಕೋ ಕುಗ್ಗಿದ ಹಾಗಾಗುತ್ತೆ" ಅಂದೆ. ನನಗೆ ಅರ್ಥವಾಗುತ್ತೆ ಕಣೋ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ನನಗೂ ಹಾಗೇ ಆಗುತ್ತಿತ್ತು. ಈ ಊರಿನವನೇ ಅಂತ ಅನ್ನಿಸಿಕೊಳ್ಳಬೇಕು ಅನ್ನೋ ಆಸೆ ಅದು. ತಪ್ಪಲ್ಲ.

ನಮ್ಮ ಕಡೆ ಪಿಕಪ್ ಅಂದರೆ ಟೊಮೆಟೊ ಕ್ರೇಟ್ ಹೊತ್ತು ಬೆಳಗಿನ ಜಾವ ಮಂಡಿಗೆ ಹೋಗುವ ಗಾಡಿ. ನಿಮ್ಮಮ್ಮನಿಗೆ ಹೇಳಿದರೆ "ಲೋಡ್ ಗಾಡಿ ಯಾಕೋ?" ಅಂತ ಕೇಳುತ್ತಾಳೆ. ಇಲ್ಲೂ ಅದು ಶುರುವಾಗಿದ್ದು ಹಾಗೇ. 1925ರಲ್ಲಿ ಫೋರ್ಡ್ ಕಂಪನಿ ಮಾಡೆಲ್ ಟಿ ಕಾರಿಗೆ ಹಿಂದೆ ಒಂದು ತೊಟ್ಟಿ ಕೂರಿಸಿ 281 ಡಾಲರ್‌ಗೆ ಮಾರಿತು. ಕೊಂಡವರು ರೈತರು, ಬಡಗಿಗಳು, ಅಂಗಡಿಯವರು. 1964ರಲ್ಲಿ ಕೋಳಿ ಮಾಂಸದ ವಿಚಾರಕ್ಕೆ ಯುರೋಪಿನ ಜೊತೆ ಜಟಾಪಟಿಯಾಗಿ, ಹೊರಗಿನಿಂದ ಬರುವ ಟ್ರಕ್‌ಗಳ ಮೇಲೆ ಅಮೆರಿಕ ಶೇ 25 ಸುಂಕ ಹಾಕಿತು. ಕೋಳಿ ಜಗಳ ಮುಗಿದರೂ ಆ ಸುಂಕ ಹೋಗಲಿಲ್ಲ. ಹೊರಗಿನವರ ಪೈಪೋಟಿ ಕಮ್ಮಿಯಾದ ಮೇಲೆ ಇಲ್ಲಿನ ಕಂಪನಿಗಳಿಗೆ ಟ್ರಕ್ಕಿನಲ್ಲೇ ಲಾಭ ಜಾಸ್ತಿ. ಸೀಟಿಗೆ ಚರ್ಮ ಬಂತು, ಮರದ ಪಟ್ಟಿ ಬಂತು, ದೊಡ್ಡ ಪರದೆ ಬಂತು. ದಕ್ಷಿಣ ಟೆಕ್ಸಾಸಿನಲ್ಲಿ ಎಂಟು ಲಕ್ಷ ಎಕರೆಗೂ ಮೀರಿದ ಕಿಂಗ್ ರಾಂಚ್ ಅನ್ನೋ ದನದ ಫಾರ್ಮ್ ಇದೆಯಲ್ಲ, ಅದರ ಹೆಸರನ್ನೇ 2001ರ ಎಫ್-150ಗೆ ಇಟ್ಟರು. ನಿನ್ನ ಫೋಟೋದ ಸೀಟಿನ ಮೇಲಿರೋದು ಅವರ ದನಗಳಿಗೆ ಹಾಕುವ ಬರೆಯ ಗುರುತೇ.

ನೀನಿರುವ ಫ್ರಿಸ್ಕೋದ್ದೇ ಒಂದು ಕಥೆ ಹೇಳುತ್ತೇನೆ. 2008ರ ಸುಮಾರಿನಲ್ಲಿ ಅಲ್ಲಿನ ಒಂದು ಶ್ರೀಮಂತ ಬಡಾವಣೆಯ ಸಂಘ, ಮನೆ ಮುಂದೆ ಎಫ್-150 ನಿಲ್ಲಿಸಿದವನಿಗೆ ದಂಡ ಹಾಕಲು ಹೊರಟಿತ್ತು. ಆದರೆ ಲಿಂಕನ್ ಮಾರ್ಕ್ ಎಲ್‌ಟಿ ನಿಲ್ಲಿಸಿದರೆ ಅಡ್ಡಿಯಿಲ್ಲ. ಲಿಂಕನ್ ಅಂದರೆ ಅದೇ ಎಫ್-150ಯ ಮೇಲೆ ಬೇರೆ ಮುಖ ಕೂರಿಸಿದ ಗಾಡಿ, ಅಷ್ಟೆ. ಅದೇ ಚಾಸಿ, ಅದೇ ತೊಟ್ಟಿ. ಒಂದು ಕೂಲಿಯವನ ಗಾಡಿ, ಇನ್ನೊಂದು ಸಾಹುಕಾರರ ಗಾಡಿ. ಈಗ ಅದೇ ಫ್ರಿಸ್ಕೋದಲ್ಲಿ ಎಫ್-150 ಇಲ್ಲದಿದ್ದರೆ ಕುಗ್ಗುತ್ತೀಯ ನೀನು. ಜನರ ಕಣ್ಣು ಎಷ್ಟು ಬೇಗ ಹೊರಳುತ್ತೆ ನೋಡು. ಅದನ್ನು ನಂಬಿ ಏಳು ವರ್ಷದ ಸಾಲ ಮಾಡೋದು ನನಗೆ ಸರಿ ಕಾಣುತ್ತಿಲ್ಲ.

ಇಷ್ಟಾದರೂ ಟ್ರಕ್ ಇಟ್ಟವರನ್ನೆಲ್ಲ ಇಲ್ಲಿನವರು ಗೌರವದಿಂದ ನೋಡುತ್ತಾರೆ ಅಂದುಕೊಳ್ಳಬೇಡ. ಹಿಂದಿನ ತೊಟ್ಟಿಯಲ್ಲಿ ಒಂದು ಗೀರೂ ಇಲ್ಲದ ಟ್ರಕ್ ಕಂಡರೆ ‘ಟಾರ್ ರಸ್ತೆಯ ರಾಜಕುಮಾರಿ’ ಅಂತ ಕರೆಯುತ್ತಾರೆ. ‘ತಲೆ ಮೇಲೆ ದೊಡ್ಡ ಟೋಪಿ, ಕೊಟ್ಟಿಗೆಯಲ್ಲಿ ದನವಿಲ್ಲ’ ಅನ್ನೋದು ಟೆಕ್ಸಾಸಿನ ಹಳೇ ಮಾತು. ನಿನ್ನನ್ನು ಯಾರಾದರೂ ಹಾಗೆ ಅಂದರೆ ನನಗೆ ನೋವಾಗುತ್ತೆ.

ಟ್ರಕ್ ಬಗ್ಗೆ ನನಗೆ ತಾತ್ಸಾರ ಇಲ್ಲ. 2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತ ಬಂದಾಗ ನಮ್ಮ ಬೀದಿಯಲ್ಲಿ ಸೊಂಟದ ತನಕ ನೀರು. ನನ್ನ ಕಾರು ಮುಳುಗಿತ್ತು. ಪಕ್ಕದ ಬೀದಿಯ ಪ್ಲಂಬರ್ ಒಬ್ಬರು ತಮ್ಮ ಹಳೇ ಎತ್ತರದ ಪಿಕಪ್ ತಂದು ಬೀದಿಯ ಎತ್ತರದ ತುದಿಯಲ್ಲಿ ನಿಲ್ಲಿಸಿ, ನೀರಲ್ಲಿ ನಡೆದು ಬಂದು ನಮ್ಮನ್ನು ಕೈಹಿಡಿದು ಕರೆದೊಯ್ದರು. ಒಂದು ಬಾಗಿಲು ಬೇರೆ ಬಣ್ಣದ್ದು. ತೊಟ್ಟಿಯಲ್ಲಿ ಪೈಪಿನ ತುಂಡು, ಹಗ್ಗ, ಒಂದು ಒದ್ದೆ ನಾಯಿ. ನಿಮ್ಮತ್ತೆ ದೇವರ ಪೆಟ್ಟಿಗೆಯನ್ನೂ ಮಾತ್ರೆಯ ಚೀಲವನ್ನೂ ತೊಡೆ ಮೇಲೆ ಇಟ್ಟುಕೊಂಡು ಆ ಪೈಪಿನ ನಡುವೆಯೇ ಕೂತಳು. ನಮ್ಮನ್ನು ಇಳಿಸಿ ಅವರು ಮತ್ತೆ ಹೋದರು, ಸಂಜೆಯ ತನಕ ಹೋಗುತ್ತಾ ಬರುತ್ತಾ ಇದ್ದರು. ದುಡ್ಡು ಮುಟ್ಟಲಿಲ್ಲ. ಆಮೇಲೆ ನಿಮ್ಮತ್ತೆ ಕೊಟ್ಟ ಚಕ್ಕುಲಿ ಡಬ್ಬಿ ಮಾತ್ರ ತೆಗೆದುಕೊಂಡರು. ಈಗಲೂ ಆ ಟ್ರಕ್ ಎದುರು ಬಂದರೆ ನನ್ನ ಕೈ ತಾನಾಗಿ ಮೇಲೇಳುತ್ತೆ.

ಇನ್ನು ಲೆಕ್ಕ. ನೀನು ಹೇಳಿದ ಬೆಲೆ 78 ಸಾವಿರ ಡಾಲರ್. 8 ಸಾವಿರ ಮುಂಗಡ, ಉಳಿದ 70 ಸಾವಿರಕ್ಕೆ ಶೇ 7.5 ಬಡ್ಡಿ, 84 ತಿಂಗಳು. ನಾನು ಕೂತು ಹಾಕಿ ನೋಡಿದೆ. ತಿಂಗಳಿಗೆ ಸುಮಾರು 1,074 ಡಾಲರ್ ಕಂತು, ಬಡ್ಡಿಯೇ 20 ಸಾವಿರ ದಾಟುತ್ತೆ. ವಿಮೆ, ಪೆಟ್ರೋಲ್ ಬೇರೆ. ಸೇಲ್ಸ್‌ನವನು ತಿಂಗಳ ಕಂತು ಮಾತ್ರ ತೋರಿಸುತ್ತಾನೆ, ಒಟ್ಟು ಮೊತ್ತವನ್ನು ನೀನೇ ಕೇಳಬೇಕು.

ಅದಕ್ಕಿಂತ ದೊಡ್ಡ ವಿಷಯ ಒಂದಿದೆ. ನೀನು ಎಚ್-1ಬಿ ವೀಸಾದಲ್ಲಿದ್ದೀಯ, ಅಂದರೆ ಕೆಲಸ ಇದ್ದರಷ್ಟೇ ಇಲ್ಲಿರಬಹುದು. ನಾಳೆ ಕೆಲಸ ಹೋದರೆ ಬೇರೆ ದಾರಿ ನೋಡಿಕೊಳ್ಳಲು ನಿನಗೆ ಸಿಗೋದು ಹೆಚ್ಚೆಂದರೆ 60 ದಿನ. ಸಾಲ 84 ತಿಂಗಳು, ಗಡುವು 60 ದಿನ. ಇವೆರಡನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡು ಪುಟ್ಟಾ. ಮೂರು ತಿಂಗಳಿಗೊಮ್ಮೆ ಆಫೀಸಿನಲ್ಲಿ ಯಾರನ್ನೋ ಮನೆಗೆ ಕಳಿಸಿದರು ಅಂತ ನೀನೇ ಹೇಳುತ್ತೀಯ ಅಲ್ವಾ? ಅಂಥ ದಿನ ಬಂದರೆ ಕೈಯಲ್ಲಿ ದುಡ್ಡಿರಲಿ, ಮಾರಿದರೂ ತೀರದ ಸಾಲ ಬೇಡ.

ಇನ್ನೊಂದು ಮಾತು, ನಿನ್ನ ಮಗಳ ತಾತನ ಸ್ಥಾನದಲ್ಲಿ ನಿಂತು. ಗಾಡಿಯ ಬಾನೆಟ್ 40 ಇಂಚಿಗಿಂತ ಎತ್ತರವಿದ್ದರೆ, ತಗ್ಗಾಗಿ ಇಳಿಜಾರಾಗಿರುವ ಬಾನೆಟ್‌ನ ಗಾಡಿಗಿಂತ, ನಡೆದು ಹೋಗುವವರಿಗೆ ಡಿಕ್ಕಿಯಾದಾಗ ಸಾವಿನ ಅಪಾಯ ಸುಮಾರು ಶೇ 45 ಜಾಸ್ತಿ ಅಂತ ಇಲ್ಲಿನ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ 2023ರಲ್ಲಿ ಹೇಳಿತು. ನಮ್ಮ ಪುಟಾಣಿಗೆ ಮೂರು ವರ್ಷ. ಹೋದ ಸಲ ಬಂದಾಗ ಬಾಗಿಲ ಚೌಕಟ್ಟಿನಲ್ಲಿ ಗುರುತು ಹಾಕಿದೆವಲ್ಲ, 37 ಇಂಚು. ಟ್ರಕ್ಕಿನ ಮುಂದೆ ಅವಳು ನಿಂತರೆ ನಿನಗೆ ಕಾಣುತ್ತಾಳಾ? ಷೋರೂಮಿಗೆ ಅವಳನ್ನೂ ಕರೆದುಕೊಂಡು ಹೋಗಿ, ಮುಂದೆ ನಿಲ್ಲಿಸಿ, ನೀನು ಸೀಟಿನಲ್ಲಿ ಕೂತು ನೋಡು.

ಮನೆ ಬದಲಾಯಿಸುವಾಗ ಸಾಮಾನು ಸಾಗಿಸಲು ಬೇಕು ಅಂದೆಯಲ್ಲ, ಅದಕ್ಕೆ ದಿನದ ಬಾಡಿಗೆಗೆ ಪಿಕಪ್ ಸಿಗುತ್ತೆ. ನಾನೇ ಬಂದು ಓಡಿಸುತ್ತೇನೆ. ಮುಂದೆ ಗ್ರೀನ್ ಕಾರ್ಡ್ ಬಂದು, ಜಾಗ ಕೊಂಡು, ನೀನು ಹೇಳುವ ಹಾಗೆ ತೋಟ ಗೀಟ ಮಾಡಿದರೆ, ಎಂಟು ಅಡಿ ತೊಟ್ಟಿಯ ಒಂದು ಹಳೇ ಟ್ರಕ್ ನಾವಿಬ್ಬರೇ ಹೋಗಿ ಹುಡುಕೋಣ. ಕಿಂಗ್ ರಾಂಚಿಗೆ ಬರೋದು ಐದೂವರೆ, ಹೆಚ್ಚೆಂದರೆ ಆರೂವರೆ ಅಡಿ. ಎಂಟಡಿ ಪ್ಲೈವುಡ್ ಹಾಳೆ ಇಟ್ಟರೆ ಅದರ ಹಿಂಬಾಗಿಲು ಮುಚ್ಚಲ್ಲ.

ಶನಿವಾರ ಮೂವರೂ ಬನ್ನಿ. ನಿಮ್ಮತ್ತೆ ಅಕ್ಕಿರೊಟ್ಟಿ ಮಾಡುತ್ತಾಳೆ. ಅಲ್ಲಿಯ ತನಕ ಯಾವ ಕಾಗದಕ್ಕೂ ಸಹಿ ಹಾಕಬೇಡ. ಡೀಲರ್ ಫೋನ್ ಮಾಡಿದರೆ, ನಮ್ಮ ಮಾವನ ಹತ್ತಿರ ಮಾತಾಡಿ ಹೇಳುತ್ತೇನೆ ಅನ್ನು.

ಇಂತಿ,
ನಿನ್ನ ಮಾವ